ಪೇಪರ್ ಕಳಿಸುವ ಮೊದಲು: ಜರ್ನಲ್‌ಗಳ ನೈತಿಕತೆಯನ್ನು ತೂಗಿ ನೋಡುವ ಬಗೆ

ಯಾವ ಸಂಶೋಧನಾ ಜರ್ನಲ್‌ನ ಜಾಲತಾಣ ತೆರೆದರೂ ‘ಪ್ರಕಟಣೆಯ ನೈತಿಕತೆ’ ಎಂಬ ಒಂದು ಪುಟ ಇದ್ದೇ ಇರುತ್ತದೆ. ಕೃತಿಚೌರ್ಯ ಸಹಿಸುವುದಿಲ್ಲ, ಪ್ರತಿ ಪೇಪರನ್ನೂ ಕನಿಷ್ಠ ಇಬ್ಬರು ತಜ್ಞ ವಿಮರ್ಶಕರು ಓದುತ್ತಾರೆ, ಹಿತಾಸಕ್ತಿ ಸಂಘರ್ಷವನ್ನು ಲೇಖಕರು ಘೋಷಿಸಬೇಕು ಎಂಬ ಮಾತುಗಳು ಎಲ್ಲ ಕಡೆ ಒಂದೇ. ನೂರು ವರ್ಷದ ವಿದ್ವತ್ ಸಂಘದ ಜರ್ನಲ್‌ನಲ್ಲೂ ಇವೇ ಸಾಲು, ಕಳೆದ ತಿಂಗಳು ಹುಟ್ಟಿ ದುಡ್ಡು ಕೀಳಲು ನಿಂತ ಜರ್ನಲ್‌ನಲ್ಲೂ ಇವೇ ಸಾಲು. ಒಂದು ಪುಟ ನಕಲು ಮಾಡಲು ಐದು ನಿಮಿಷ ಸಾಕು. ಹಾಗಾಗಿ ಎರಡು ಮೂರು ಜರ್ನಲ್‌ಗಳಲ್ಲಿ ಒಂದನ್ನು ಆರಿಸಬೇಕಾದಾಗ ಈ ಪುಟಗಳನ್ನು ಎದುರುಬದುರು ಇಟ್ಟು ಓದಿ ಪ್ರಯೋಜನವಿಲ್ಲ.

ಜರ್ನಲ್ ತನ್ನ ಬಗ್ಗೆ ಹೇಳಿಕೊಂಡದ್ದು ಒಂದು ಬಗೆಯ ಸಾಕ್ಷ್ಯ. ಹೊರಗಿನವರು ಪರೀಕ್ಷಿಸಿ ಒಪ್ಪಿದ್ದು ಇನ್ನೊಂದು. ತಪ್ಪು ಹೊರಬಿದ್ದಾಗ ಅದು ಹೇಗೆ ನಡೆದುಕೊಂಡಿತು ಎಂಬುದು ಮೂರನೆಯದು. ನಮ್ಮ ತಕ್ಕಡಿಯಲ್ಲಿ ಮೂರನೆಯದಕ್ಕೆ ಎಲ್ಲಕ್ಕಿಂತ ಹೆಚ್ಚು ತೂಕ, ಮೊದಲನೆಯದಕ್ಕೆ ಎಲ್ಲಕ್ಕಿಂತ ಕಡಿಮೆ. ಹೆಚ್ಚಿನ ಸಂಶೋಧಕರು ಮಾಡುವುದು ಇದಕ್ಕೆ ತಿರುವುಮುರುವು. ಅದರಿಂದಲೇ ವರ್ಷಗಟ್ಟಲೆ ದುಡಿದ ಕೆಲಸ ಕೆಟ್ಟ ಕೈಗೆ ಬೀಳುತ್ತದೆ.

ಮುದ್ರೆಗಳ ತೂಕ

ಮುಖಪುಟದ ಅಡಿಯಲ್ಲಿ ಸಾಲಾಗಿ ಲೋಗೊಗಳಿರುತ್ತವೆ. ಎಲ್ಲಕ್ಕೂ ಒಂದೇ ಬೆಲೆ ಕಟ್ಟಬೇಡಿ.

ಐಎಸ್‌ಎಸ್‌ಎನ್‌ಗೆ ನೈತಿಕ ತೂಕ ಸೊನ್ನೆ. ಅದು ನಿಯತಕಾಲಿಕೆಯ ಗುರುತಿನ ಸಂಖ್ಯೆ ಮಾತ್ರ. ಒಳಗಿನ ಹೂರಣವನ್ನು ಯಾರೂ ನೋಡಿ ಕೊಡುವುದಿಲ್ಲ. ಡಿಒಐ ಕೂಡ ಹಾಗೆಯೇ. ಲೇಖನದ ವಿಳಾಸ ಬದಲಾದರೂ ಕೊಂಡಿ ಮುರಿಯಬಾರದು ಎಂಬ ಏರ್ಪಾಡು ಅದು, ಲೇಖನ ಒಳ್ಳೆಯದು ಎಂಬ ಪ್ರಮಾಣಪತ್ರ ಅಲ್ಲ.

‘ಐಸಿಎಂಜೆಇ ಶಿಫಾರಸುಗಳನ್ನು ಪಾಲಿಸುತ್ತೇವೆ’ ಎಂಬ ಸಾಲು ವೈದ್ಯಕೀಯ ಜರ್ನಲ್‌ಗಳಲ್ಲಿ ಸಾಮಾನ್ಯ. 1978ರಲ್ಲಿ ವ್ಯಾಂಕೂವರ್‌ನಲ್ಲಿ ಸೇರಿದ ವೈದ್ಯಕೀಯ ಜರ್ನಲ್ ಸಂಪಾದಕರ ಗುಂಪೇ ಬೆಳೆದು ಐಸಿಎಂಜೆಇ, ಅಂದರೆ ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ, ಆಯಿತು. ಶಿಫಾರಸುಗಳು ಗಟ್ಟಿಯಾಗಿವೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ‘ಪಾಲಿಸುವ ಜರ್ನಲ್‌ಗಳು’ ಎಂಬ ಪಟ್ಟಿಗೆ ಜರ್ನಲ್‌ಗಳು ತಾವೇ ಹೆಸರು ಕೊಡುತ್ತವೆ. ನಿಜವಾಗಿ ಪಾಲಿಸುತ್ತಿವೆಯೇ ಎಂದು ಸಮಿತಿ ಪರೀಕ್ಷಿಸುವುದಿಲ್ಲ. ಆ ಪಟ್ಟಿಯಲ್ಲಿ ಹೆಸರು ಇರುವುದನ್ನು ಮಾತು ಎಂದು ಎಣಿಸಿ, ಸಾಕ್ಷ್ಯ ಎಂದಲ್ಲ.

ಕೋಪ್, ಅಂದರೆ ಪ್ರಕಟಣಾ ನೈತಿಕತೆಯ ಸಮಿತಿ, 1997ರಲ್ಲಿ ಬ್ರಿಟನ್ನಿನ ಕೆಲವು ವೈದ್ಯಕೀಯ ಸಂಪಾದಕರಿಂದ ಶುರುವಾಗಿ ಈಗ ಎಲ್ಲ ಶಿಸ್ತುಗಳಿಗೂ ಹರಡಿದೆ. ಸದಸ್ಯತ್ವಕ್ಕೆ ಅರ್ಜಿ ಪರಿಶೀಲನೆ ಇದೆ. ಅದಕ್ಕಿಂತ ಮುಖ್ಯವಾದದ್ದು, ಸದಸ್ಯ ಜರ್ನಲ್ ತನ್ನ ನಿಯಮವನ್ನೇ ಮುರಿದರೆ ದೂರು ಒಯ್ಯಲು ನಿಮಗೆ ಒಂದು ಬಾಗಿಲು ಇರುತ್ತದೆ. ಮೊದಲು ಜರ್ನಲ್‌ನ ಒಳಗೇ ದೂರು ಕೊಟ್ಟು, ಅಲ್ಲಿನ ದಾರಿ ಮುಗಿದ ಮೇಲೆ ಕೋಪ್‌ಗೆ ಹೋಗಬೇಕು. ಅದು ನೋಡುವುದು ಜರ್ನಲ್ ಸರಿಯಾದ ಕ್ರಮ ಅನುಸರಿಸಿತೇ ಎಂಬುದನ್ನು ಮಾತ್ರ. ‘ನನ್ನ ಹೆಸರು ಬಿಟ್ಟಿದ್ದಾರೆ’ ಎಂಬಂಥ ಲೇಖಕರ ಜಗಳದಲ್ಲಿ ಯಾರದು ಸರಿ ಎಂದು ಅದು ತೀರ್ಪು ಕೊಡುವುದಿಲ್ಲ. ಅದು ಲೇಖಕರ ಸಂಸ್ಥೆಯ ಕೆಲಸ.

ಡಿಒಎಜೆ, ಮುಕ್ತ ಪ್ರವೇಶದ (ಹಣ ಕೊಡದೆ ಯಾರು ಬೇಕಾದರೂ ಓದಬಹುದಾದ) ಜರ್ನಲ್‌ಗಳ ಕೋಶ, 2003ರಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿತು. ಇಲ್ಲಿನ ಮಾನದಂಡಗಳು ಎಣಿಸಿ ನೋಡಬಹುದಾದಂಥವು, ಅದಕ್ಕೇ ನಮಗೆ ಇಷ್ಟ. ವರ್ಷಕ್ಕೆ ಕನಿಷ್ಠ 5 ಸಂಶೋಧನಾ ಲೇಖನ ಬಂದಿರಬೇಕು. ಇತ್ತೀಚಿನ ಎರಡು ಸಂಚಿಕೆಗಳಲ್ಲಿ ಯಾವುದರಲ್ಲೂ ಸಂಪಾದಕರು, ಮಂಡಳಿ ಸದಸ್ಯರು ಇಲ್ಲವೇ ಆ ಜರ್ನಲ್‌ನ ವಿಮರ್ಶಕರೇ ಲೇಖಕರಾಗಿರುವ ಪೇಪರ್‌ಗಳು ಶೇ. 25 ಮೀರಬಾರದು. ಈ ಶೇ. 25ರ ಲೆಕ್ಕವನ್ನು ಡಿಒಎಜೆಯಲ್ಲಿ ಇಲ್ಲದ ಜರ್ನಲ್‌ಗೂ ನೀವೇ ಹಾಕಬಹುದು: ಎರಡು ಸಂಚಿಕೆಯ ಪರಿವಿಡಿ ಒಂದು ಕಡೆ, ಸಂಪಾದಕ ಮಂಡಳಿಯ ಪಟ್ಟಿ ಇನ್ನೊಂದು ಕಡೆ ಇಟ್ಟರೆ ಹದಿನೈದು ನಿಮಿಷದ ಕೆಲಸ. ಮನೆಯವರೇ ಬಡಿಸಿಕೊಂಡು ಮನೆಯವರೇ ಉಣ್ಣುವ ಜರ್ನಲ್ ತಕ್ಷಣ ಕಾಣುತ್ತದೆ.

ಆಯ್ದ ಜರ್ನಲ್‌ಗಳ ಲೇಖನಗಳನ್ನು ಪಟ್ಟಿ ಮಾಡುವ ಸ್ಕೋಪಸ್, ವೆಬ್ ಆಫ್ ಸೈನ್ಸ್ ಮುಂತಾದ ಸೂಚಿಗಳು ಹೊಸ ಜರ್ನಲ್ ಸೇರಿಸುವಾಗ ಗಟ್ಟಿಯಾಗಿ ಪರೀಕ್ಷಿಸುತ್ತವೆ. ಆದರೆ ಸೇರಿದ ಮೇಲೆ ಜರ್ನಲ್ ಹಾಳಾಗಬಹುದು, ಮಾರಾಟವಾಗಿ ಕೈ ಬದಲಾಗಬಹುದು. ಸೂಚಿಗೆ ಅದು ಗೊತ್ತಾಗಿ ಹೊರಹಾಕುವ ಹೊತ್ತಿಗೆ ನಿಮ್ಮ ಪೇಪರ್ ಅಲ್ಲಿ ಕೂತಿರುತ್ತದೆ. ಆದ್ದರಿಂದ ‘ಇದೆಯೇ’ ಎಂದಷ್ಟೇ ನೋಡದೆ ‘ತೆಗೆದುಹಾಕಿದವುಗಳ ಪಟ್ಟಿಯಲ್ಲಿ ಇಲ್ಲ ತಾನೇ’ ಎಂದೂ ನೋಡಿ. ಸ್ಕೋಪಸ್ ಮತ್ತು ಡಿಒಎಜೆ ಎರಡೂ ಅಂಥ ಪಟ್ಟಿ ಪ್ರಕಟಿಸುತ್ತವೆ.

ಇಂಪ್ಯಾಕ್ಟ್ ಫ್ಯಾಕ್ಟರ್ ಬಗ್ಗೆ ಎರಡೇ ಮಾತು. ಆ ಹೆಸರಿನ ನಿಜವಾದ ಸಂಖ್ಯೆ ಕ್ಲಾರಿವೇಟ್ ಸಂಸ್ಥೆಯ ವಾರ್ಷಿಕ ವರದಿಯಿಂದ ಬರುತ್ತದೆ. ‘ಗ್ಲೋಬಲ್’, ‘ಯುನಿವರ್ಸಲ್’ ಎಂಬ ವಿಶೇಷಣ ಅಂಟಿಸಿಕೊಂಡ ಅಂಕಿ ಕಂಡರೆ ಅದೊಂದೇ ಕಾರಣಕ್ಕೆ ಆ ಜರ್ನಲ್ ಬಿಡಿ. ಇನ್ನೊಂದು, ನಿಜವಾದ ಸಂಖ್ಯೆ ಉಲ್ಲೇಖಗಳ ಸರಾಸರಿಯಷ್ಟೇ. ನೈತಿಕತೆಗೂ ಅದಕ್ಕೂ ಸಂಬಂಧವಿಲ್ಲ.

ಲೋಗೊ ನಂಬಬೇಡಿ, ಮೂಲಕ್ಕೆ ಹೋಗಿ

ಕೋಪ್ ಸದಸ್ಯತ್ವವನ್ನು ಕೋಪ್‌ನ ಜಾಲತಾಣದಲ್ಲೇ ಹುಡುಕಿ. ಡಿಒಎಜೆಯಲ್ಲಿ ಹುಡುಕುವಾಗ ಹೆಸರಿನ ಬದಲು ಐಎಸ್‌ಎಸ್‌ಎನ್ ಹಾಕಿ. ಒಳ್ಳೆಯ ಜರ್ನಲ್‌ನ ಹೆಸರಿಗೆ ಒಂದು ಪದ ಕೂಡಿಸಿ ಅಥವಾ ಕಳೆದು ಹೊಸ ಅಂಗಡಿ ತೆರೆಯುವುದು ಹಳೆಯ ಉಪಾಯ.

ಅದಕ್ಕಿಂತ ಅಪಾಯದ್ದು ಅಪಹರಿಸಿದ ಜರ್ನಲ್. ಇಲ್ಲಿ ಹೆಸರೂ ಅದೇ, ಐಎಸ್‌ಎಸ್‌ಎನ್ ಕೂಡ ಅದೇ. ಜಾಲತಾಣ ಮಾತ್ರ ನಕಲಿ. ಅಸಲಿ ಜರ್ನಲ್‌ನ ಡೊಮೇನ್ ನವೀಕರಣ ತಪ್ಪಿದಾಗ ಅದನ್ನು ಕೊಂಡುಬಿಡುತ್ತಾರೆ, ಅಥವಾ ಮುದ್ರಣದಲ್ಲಷ್ಟೇ ಬರುತ್ತಿದ್ದ ಜರ್ನಲ್‌ಗೆ ತಾವೇ ಜಾಲತಾಣ ಕಟ್ಟುತ್ತಾರೆ. ಐಎಸ್‌ಎಸ್‌ಎನ್ ಹಾಕಿ ಹುಡುಕಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಇದನ್ನು ಹಿಡಿಯುವ ಸುಲಭ ಪರೀಕ್ಷೆ: ಆ ಜರ್ನಲ್‌ನ ಮೂರು ನಾಲ್ಕು ವರ್ಷ ಹಳೆಯ ಲೇಖನದ ಡಿಒಐಯನ್ನು ಬೇರೆ ಕಡೆಯಿಂದ, ಯಾವುದಾದರೂ ನಂಬುಗೆಯ ಪೇಪರ್‌ನ ಉಲ್ಲೇಖ ಪಟ್ಟಿಯಿಂದ, ತೆಗೆದುಕೊಂಡು ಡಿಒಐ ತಾಣದಲ್ಲಿ ತೆರೆಯಿರಿ. ಅದು ನಿಮ್ಮನ್ನು ಕರೆದೊಯ್ಯುವ ಡೊಮೇನ್ ಮತ್ತು ನೀವು ಪೇಪರ್ ಕಳಿಸಲು ಹೊರಟಿರುವ ಡೊಮೇನ್ ಬೇರೆಯಾಗಿದ್ದರೆ ಅಲ್ಲೇ ನಿಲ್ಲಿ. ಜರ್ನಲ್‌ಗಳು ಹಿಂಪಡೆದ ಪೇಪರ್‌ಗಳ ಮೇಲೆ ಕಣ್ಣಿಡುವ ರಿಟ್ರಾಕ್ಷನ್ ವಾಚ್ ತಾಣದಲ್ಲಿ ಅಪಹರಿಸಿದ ಜರ್ನಲ್‌ಗಳ ಪಟ್ಟಿಯೂ ಇದೆ, ಅದನ್ನೂ ಒಮ್ಮೆ ನೋಡಿ.

ಸಂಪಾದಕ ಮಂಡಳಿಯ ಹೆಸರುಗಳನ್ನು ಪರೀಕ್ಷಿಸುವಾಗ ಜರ್ನಲ್ ಪುಟದಿಂದ ಪ್ರೊಫೆಸರರ ಕಡೆಗೆ ಹೋಗದೆ, ಪ್ರೊಫೆಸರರ ವಿಭಾಗದ ಪುಟದಿಂದ ಜರ್ನಲ್ ಕಡೆಗೆ ಬನ್ನಿ. ಮೂರು ಹೆಸರು ಆರಿಸಿ. ಮೂವರ ಸ್ವಂತ ಪುಟದಲ್ಲೂ ಈ ಜರ್ನಲ್‌ನ ಸುಳಿವಿಲ್ಲದಿದ್ದರೆ ಒಬ್ಬರಿಗೆ ಎರಡು ಸಾಲಿನ ಇಮೇಲ್ ಹಾಕಿ ಕೇಳಿ. ತಮ್ಮ ಹೆಸರು ಅಲ್ಲಿದೆ ಎಂದೇ ಗೊತ್ತಿಲ್ಲದವರು ಸಿಗುತ್ತಾರೆ.

ಒಳ್ಳೆಯವರ ಪಟ್ಟಿಯೋ, ಕೆಟ್ಟವರ ಪಟ್ಟಿಯೋ

ಹಣ ಪಡೆದು ಪರಿಶೀಲನೆಯಿಲ್ಲದೆ ಅಚ್ಚು ಹಾಕುವ ಪ್ರಿಡೇಟರಿ ಜರ್ನಲ್‌ಗಳ ಪಟ್ಟಿಯೊಂದನ್ನು ಅಮೆರಿಕದ ಗ್ರಂಥಪಾಲಕ ಜೆಫ್ರಿ ಬೀಲ್ ಬಹುಕಾಲ ನಡೆಸಿದರು. 2017ರ ಜನವರಿಯಲ್ಲಿ ಅದು ಮುಚ್ಚಿತು. ಅದರ ಪ್ರತಿಗಳು ಈಗಲೂ ಓಡಾಡುತ್ತಿವೆ. ಅವನ್ನು ಆಧಾರ ಮಾಡಿಕೊಳ್ಳುವ ಮೊದಲು 2013ರ ಒಂದು ಪರೀಕ್ಷೆಯ ಫಲ ತಿಳಿದಿರಲಿ. ಸೈನ್ಸ್ ಪತ್ರಿಕೆಯ ಪರವಾಗಿ ವರದಿಗಾರರೊಬ್ಬರು ಬೇಕೆಂದೇ ದೋಷ ತುಂಬಿದ ಕಾಲ್ಪನಿಕ ಪೇಪರೊಂದನ್ನು ಶುಲ್ಕ ಪಡೆಯುವ 304 ಮುಕ್ತ ಪ್ರವೇಶದ ಜರ್ನಲ್‌ಗಳಿಗೆ ಕಳಿಸಿದರು. 157 ಒಪ್ಪಿದವು, 98 ತಿರಸ್ಕರಿಸಿದವು. ಒಪ್ಪಿದವುಗಳಲ್ಲಿ ಆಗ ಡಿಒಎಜೆಯಲ್ಲಿದ್ದ ಜರ್ನಲ್‌ಗಳೂ ಇದ್ದವು. ಬೀಲ್ ಪಟ್ಟಿಯಲ್ಲಿದ್ದು ಉತ್ತರ ಕೊಟ್ಟ ಪ್ರಕಾಶಕರಲ್ಲಿ ಐದರಲ್ಲಿ ಒಂದರಷ್ಟು ಸರಿಯಾಗಿಯೇ ತಿರಸ್ಕರಿಸಿದ್ದರು.

ಅಂದರೆ ಎರಡೂ ಬಗೆಯ ಪಟ್ಟಿ ತಪ್ಪುತ್ತದೆ, ಆದರೆ ತಪ್ಪುವ ದಿಕ್ಕು ಬೇರೆ. ಕೆಟ್ಟವರ ಪಟ್ಟಿ ಬೇಗ ಹಳಸುತ್ತದೆ. ಹೆಸರು ಬದಲಿಸಿಕೊಂಡವರು ತಪ್ಪಿಸಿಕೊಳ್ಳುತ್ತಾರೆ, ಬಡ ಆದರೆ ಪ್ರಾಮಾಣಿಕ ಜರ್ನಲ್ ಒಮ್ಮೆ ಸಿಕ್ಕಿಬಿದ್ದರೆ ಹೊರಬರಲಾರದು. ಒಳ್ಳೆಯವರ ಪಟ್ಟಿ ಹೊಸಬರನ್ನು ಹೊರಗಿಡುತ್ತದೆ, ಆದರೆ ಮಾನದಂಡ ಬಿಗಿ ಮಾಡಿ ತನ್ನನ್ನು ತಿದ್ದಿಕೊಳ್ಳಬಲ್ಲದು. ಡಿಒಎಜೆ 2014ರಲ್ಲಿ ಹಾಗೆ ಮಾಡಿ ಹಳೆಯ ಜರ್ನಲ್‌ಗಳೆಲ್ಲ ಮತ್ತೆ ಅರ್ಜಿ ಹಾಕಬೇಕೆಂದಿತು. ಹಾಕದ ಸುಮಾರು 3,300 ಜರ್ನಲ್‌ಗಳನ್ನು 2016ರಲ್ಲಿ ಒಂದೇ ಸಲಕ್ಕೆ ತೆಗೆದುಹಾಕಿತು. ಆಯ್ಕೆ ಇವೆರಡರ ನಡುವೆ ಎಂದಾದರೆ ನಾವು ಒಳ್ಳೆಯವರ ಪಟ್ಟಿಯಿಂದ ಆರಂಭಿಸುತ್ತೇವೆ. ಪಟ್ಟಿಯಲ್ಲಿ ಇಲ್ಲ ಎಂಬ ಮಾತ್ರಕ್ಕೆ ಯಾವುದನ್ನೂ ಕೈಬಿಡುವುದಿಲ್ಲ. ಉಳಿದ ಪರೀಕ್ಷೆಗಳನ್ನು ಅದಕ್ಕೆ ಇನ್ನಷ್ಟು ಬಿಗಿಯಾಗಿ ಮಾಡುತ್ತೇವೆ.

ದುಡ್ಡು ಎಲ್ಲಿಂದ ಬರುತ್ತದೆ

ಚಂದಾ ಜರ್ನಲ್‌ನಲ್ಲಿ ಓದುವವರು ಕೊಡುತ್ತಾರೆ. ಪ್ರತಿ ಪೇಪರ್ ಒಪ್ಪಿದರೆ ಸಂಪಾದಕರಿಗೆ ನೇರ ಲಾಭವಿಲ್ಲ, ಆದರೆ ದುಡ್ಡಿಲ್ಲದ ಓದುಗರು ಹೊರಗೆ ಉಳಿಯುತ್ತಾರೆ. ಲೇಖಕರು ಪ್ರಕಟಣಾ ಶುಲ್ಕ ಕೊಡುವ ಮುಕ್ತ ಜರ್ನಲ್‌ನಲ್ಲಿ ಲೋಕವೆಲ್ಲ ಓದಬಹುದು, ಆದರೆ ಒಪ್ಪಿದಷ್ಟೂ ಪ್ರಕಾಶಕರಿಗೆ ಆದಾಯ. ಎರಡೂ ಕಡೆ ಕೈಯೊಡ್ಡುವುದು ಹೈಬ್ರಿಡ್: ಚಂದಾವೂ ಇದೆ, ಬೇಕಾದ ಲೇಖನವನ್ನು ಶುಲ್ಕ ಕಟ್ಟಿ ಮುಕ್ತ ಮಾಡಿಸಬಹುದು. ವಿಶ್ವವಿದ್ಯಾಲಯ ಅಥವಾ ವಿದ್ವತ್ ಸಂಘ ಖರ್ಚು ಹೊತ್ತು ಲೇಖಕರಿಂದಲೂ ಓದುಗರಿಂದಲೂ ಏನನ್ನೂ ಪಡೆಯದ್ದು ಡೈಮಂಡ್. ಹಣದ ಒತ್ತಡದ ದೃಷ್ಟಿಯಿಂದ ಡೈಮಂಡ್ ಎಲ್ಲಕ್ಕಿಂತ ಶುದ್ಧ. ಅದರ ದೌರ್ಬಲ್ಯ ಬೇರೆ, ಸ್ವಯಂಸೇವಕರ ಮೇಲೆ ನಿಂತದ್ದರಿಂದ ಸಂಚಿಕೆ ತಡವಾಗುತ್ತದೆ, ಕೆಲವೊಮ್ಮೆ ನಿಂತೇ ಹೋಗುತ್ತದೆ. ಕಳಿಸುವ ಮೊದಲು ಅದರ ಹಳೆಯ ಸಂಚಿಕೆಗಳು ಕಾಯಂ ದಾಸ್ತಾನಿನಲ್ಲಿ, ಕ್ಲಾಕ್ಸ್ ಅಥವಾ ಪೋರ್ಟಿಕೊದಂಥ ಕಡೆ, ಉಳಿಯುವ ಏರ್ಪಾಡಿದೆಯೇ ನೋಡಿ.

ಶುಲ್ಕ ಪಡೆಯುವುದೇ ತಪ್ಪಲ್ಲ. ತಪ್ಪು ಗೊತ್ತಾಗುವುದು ಮೂರು ಕಡೆ. ಪೇಪರ್ ಕಳಿಸುವ ಮೊದಲೇ ಪೂರ್ತಿ ಮೊತ್ತ ಜಾಲತಾಣದಲ್ಲಿ ಕಾಣುತ್ತದೆಯೇ? ಶುಲ್ಕ ವಿನಾಯಿತಿ ಕೇಳುವ ಕಿಟಕಿ ಮತ್ತು ಪೇಪರ್ ತೀರ್ಮಾನ ಮಾಡುವ ಸಂಪಾದಕರ ಕಿಟಕಿ ಬೇರೆಬೇರೆಯೇ? ಕಳಿಸಿದ ಪೇಪರನ್ನು ಲೇಖಕರು ಹಿಂದಕ್ಕೆ ಪಡೆಯುವುದಕ್ಕೂ ಶುಲ್ಕ ಇದೆಯೇ? ಮೂರನೆಯ ಪ್ರಶ್ನೆಗೆ ‘ಹೌದು’ ಎಂದು ಬಂದರೆ ಉಳಿದದ್ದನ್ನು ನೋಡುವ ಅಗತ್ಯವೇ ಇಲ್ಲ.

ವಿಶೇಷ ಸಂಚಿಕೆಗಳನ್ನು ಇಲ್ಲೇ ಹೇಳಬೇಕು, ಇತ್ತೀಚಿನ ದೊಡ್ಡ ಕುಸಿತ ಅಲ್ಲಿಂದಲೇ ಆದದ್ದು. ಹಿಂದಾವಿ ಎಂಬ ಮುಕ್ತ ಪ್ರಕಾಶನ ಸಂಸ್ಥೆಯನ್ನು ವೈಲಿ 2021ರಲ್ಲಿ 29.8 ಕೋಟಿ ಡಾಲರ್‌ಗೆ ಕೊಂಡಿತು. ಅತಿಥಿ ಸಂಪಾದಕರ ಕೈಗೆ ಬಿಟ್ಟಿದ್ದ ವಿಶೇಷ ಸಂಚಿಕೆಗಳೊಳಗೆ, ನಕಲಿ ಸಂಶೋಧನಾ ಪೇಪರ್ ತಯಾರಿಸಿ ಮಾರುವ ‘ಕಾರ್ಖಾನೆಗಳು’ ನುಗ್ಗಿದ್ದವು. 2023 ಒಂದೇ ವರ್ಷದಲ್ಲಿ ಅಲ್ಲಿ 8,000ಕ್ಕೂ ಹೆಚ್ಚು ಲೇಖನ ಹಿಂಪಡೆಯಬೇಕಾಯಿತು, ಕೊನೆಗೆ ಆ ಹೆಸರನ್ನೇ ಬಿಡುವ ನಿರ್ಧಾರವಾಯಿತು. ಆ ರಾಶಿಯಲ್ಲಿ ಪ್ರಾಮಾಣಿಕ ಪೇಪರ್‌ಗಳೂ ಇದ್ದಿರಬಹುದು. ಆದರೆ ಅವೂ ಈಗ ಅಂಥ ನಕಲಿ ಪೇಪರ್‌ಗಳ ನೆರೆಯಲ್ಲೇ ಕೂತಿವೆ. ನಿಯಮಿತ ಸಂಚಿಕೆ ಮತ್ತು ವಿಶೇಷ ಸಂಚಿಕೆ ಎರಡೂ ಮುಂದಿದ್ದರೆ ನಿಯಮಿತದ್ದನ್ನೇ ಆರಿಸಿ. ವಿಶೇಷಕ್ಕೇ ಕಳಿಸಬೇಕಾದ ಸಂದರ್ಭದಲ್ಲಿ ಅತಿಥಿ ಸಂಪಾದಕರು ಆ ವಿಷಯದಲ್ಲಿ ಕೆಲಸ ಮಾಡಿದವರೇ, ಅವರ ಸ್ವಂತ ಪೇಪರ್‌ಗಳು ಸಂಚಿಕೆಯ ಕಾಲುಭಾಗ ಮೀರುತ್ತವೆಯೇ, ಅವರ ಪೇಪರನ್ನು ತೀರ್ಮಾನಿಸಿದವರು ಬೇರೆಯವರೇ ಎಂದು ನೋಡಿ.

ವಿಮರ್ಶೆಯ ಬಗೆಗಳು

ವಿಮರ್ಶಕರಿಗೆ ಲೇಖಕರ ಹೆಸರು ಗೊತ್ತು, ಲೇಖಕರಿಗೆ ವಿಮರ್ಶಕರ ಹೆಸರು ಗೊತ್ತಿಲ್ಲ ಎಂಬುದು ಹಳೆಯ ಬಗೆ. ಹೆಸರು ಮಾಡಿದವರಿಗೆ ಅನುಕೂಲ, ಹೊಸಬರಿಗೆ ಅಲ್ಲ. ಇಬ್ಬರಿಗೂ ಗೊತ್ತಿಲ್ಲದ ಬಗೆ ನ್ಯಾಯಕ್ಕೆ ಹತ್ತಿರ, ಆದರೆ ಅದು ಕೆಲಸ ಮಾಡುವುದು ಲೇಖಕರು ಸರಿಯಾಗಿ ಅಳಿಸಿದಾಗ ಮಾತ್ರ. ಸಾಮಾನ್ಯವಾಗಿ ಎಲ್ಲಿ ತಪ್ಪುತ್ತದೆ ಎಂದರೆ: ‘ನಮ್ಮ ಹಿಂದಿನ ಅಧ್ಯಯನದಲ್ಲಿ’ ಎಂಬ ಸಾಲು, ಕೃತಜ್ಞತೆಯ ಭಾಗ, ಅನುದಾನದ ಸಂಖ್ಯೆ, ನೈತಿಕ ಸಮಿತಿಯ ಹೆಸರು, ಮತ್ತು ಎಲ್ಲರೂ ಮರೆಯುವ ಫೈಲ್ ಪ್ರಾಪರ್ಟೀಸ್‌ನ ಲೇಖಕರ ಹೆಸರು. ಪ್ರಿಪ್ರಿಂಟ್, ಅಂದರೆ ವಿಮರ್ಶೆಗೆ ಮೊದಲಿನ ಪ್ರತಿಯನ್ನು, ಜಾಲದಲ್ಲಿ ಹಾಕಿದ್ದರೆ ಶೀರ್ಷಿಕೆ ಹುಡುಕಿದವರಿಗೆ ಎಲ್ಲವೂ ತಿಳಿಯುತ್ತದೆ.

ವಿಮರ್ಶಾ ವರದಿಗಳನ್ನೇ ಪ್ರಕಟಿಸುವ ಮುಕ್ತ ಬಗೆ ಹೋಲಿಕೆಗೆ ಎಲ್ಲಕ್ಕಿಂತ ಉಪಯುಕ್ತ. ಇಲ್ಲಿ ಜರ್ನಲ್ ಮಾತು ನಂಬಬೇಕಿಲ್ಲ. ನಾಲ್ಕು ಪೇಪರ್‌ಗಳ ವರದಿ ತೆರೆದು ಓದಿದರೆ ಮುಗಿಯಿತು. ವಿಧಾನದ ಬಗ್ಗೆ ಪ್ರಶ್ನೆ ಕೇಳಿದ್ದಾರೆಯೇ, ಇಲ್ಲ ವ್ಯಾಕರಣ ತಿದ್ದಿ ಬಿಟ್ಟಿದ್ದಾರೆಯೇ ಕಾಣುತ್ತದೆ. 2023ರಿಂದ ಈಲೈಫ್ ಜರ್ನಲ್ ವಿಮರ್ಶೆಯ ನಂತರ ‘ಸ್ವೀಕೃತ’, ‘ತಿರಸ್ಕೃತ’ ಎಂಬ ತೀರ್ಪನ್ನೇ ಬಿಟ್ಟು, ವಿಮರ್ಶೆಗೆ ಕಳಿಸಿದ ಪೇಪರನ್ನು ವರದಿ ಸಹಿತ ಪ್ರಕಟಿಸುತ್ತಿದೆ. ಪಾರದರ್ಶಕತೆಯಲ್ಲಿ ಇದು ಬಹಳ ಮುಂದಿನ ಹೆಜ್ಜೆ. ಆದರೆ ನಿಮ್ಮ ನೇಮಕಾತಿ ಸಮಿತಿ ‘ಸ್ವೀಕೃತ’ ಎಂಬ ಪತ್ರವನ್ನೇ ಕೇಳುವುದಾದರೆ ಮೊದಲೇ ವಿಚಾರಿಸಿಕೊಳ್ಳಿ.

ನಿಮ್ಮ ಪ್ರಯೋಗದ ಫಲ ‘ಏನೂ ವ್ಯತ್ಯಾಸವಿಲ್ಲ’ ಎಂದು ಬಂದರೂ ಪ್ರಕಟವಾಗಬೇಕು ಎಂದಿದ್ದರೆ ನೋಂದಾಯಿತ ವರದಿ ಸ್ವೀಕರಿಸುವ ಜರ್ನಲ್ ಹುಡುಕಿ. ಕಾರ್ಟೆಕ್ಸ್ ಜರ್ನಲ್ 2013ರಲ್ಲಿ ಇದನ್ನು ಆರಂಭಿಸಿತು. ದತ್ತಾಂಶ ಸಂಗ್ರಹಿಸುವ ಮೊದಲೇ ಪ್ರಶ್ನೆ ಮತ್ತು ವಿಧಾನದ ವಿಮರ್ಶೆ ಆಗಿ ತಾತ್ವಿಕ ಒಪ್ಪಿಗೆ ಸಿಗುತ್ತದೆ. ಯೋಜನೆಯಂತೆ ನಡೆದರೆ ಫಲ ಏನೇ ಬಂದರೂ ಪ್ರಕಟ. ಪ್ರಯೋಗ ಮುಗಿಸಿದ ಮೇಲೆ ಈ ದಾರಿ ಮುಚ್ಚಿರುತ್ತದೆ, ಆದ್ದರಿಂದ ಆರಂಭದಲ್ಲೇ ತೀರ್ಮಾನಿಸಬೇಕು.

ವಿಮರ್ಶಕರ ಹೆಸರನ್ನು ಲೇಖಕರೇ ಸೂಚಿಸುವ ಪದ್ಧತಿಯಲ್ಲಿ ಒಂದು ಹಳ್ಳವಿದೆ. ನಿಜವಾದ ತಜ್ಞರ ಹೆಸರು ಕೊಟ್ಟು ಇಮೇಲ್ ಮಾತ್ರ ತಾವೇ ಸೃಷ್ಟಿಸಿದ್ದು ಕೊಟ್ಟರೆ, ತಮ್ಮ ಪೇಪರಿಗೆ ತಾವೇ ವಿಮರ್ಶೆ ಬರೆದುಕೊಳ್ಳಬಹುದು. 2015ರಲ್ಲಿ ಸ್ಪ್ರಿಂಗರ್ ಒಂದೇ ಬಾರಿಗೆ 64 ಲೇಖನಗಳನ್ನು ನಕಲಿ ವಿಮರ್ಶೆಯ ಕಾರಣಕ್ಕೆ ಹಿಂಪಡೆಯಿತು; 2017ರಲ್ಲಿ ಟ್ಯೂಮರ್ ಬಯಾಲಜಿ ಜರ್ನಲ್‌ನಿಂದ 107 ಹೋದವು. ಪೇಪರ್ ಬರೆದುಕೊಡುವ, ಭಾಷೆ ತಿದ್ದುವ ಏಜೆನ್ಸಿಗಳು ಲೇಖಕರಿಗೆ ತಿಳಿಸದೆಯೇ ಹೀಗೆ ಮಾಡುವುದುಂಟು, ಆದ್ದರಿಂದ ಸಲ್ಲಿಕೆಯ ಪಾಸ್‌ವರ್ಡನ್ನು ಇನ್ನೊಬ್ಬರ ಕೈಗೆ ಕೊಡಬೇಡಿ. ವಿಮರ್ಶಕರ ಸಂಸ್ಥೆಯ ಇಮೇಲ್ ಇಲ್ಲವೇ ಆರ್ಕಿಡ್ (ಪ್ರತಿ ಸಂಶೋಧಕರಿಗೂ ಸಿಗುವ ಗುರುತಿನ ಸಂಖ್ಯೆ) ಕೇಳಿ ಪರಿಶೀಲಿಸುವ ಜರ್ನಲ್‌ಗೆ ಇಲ್ಲಿ ಹೆಚ್ಚು ಅಂಕ.

ಕಾಲವನ್ನೂ ಅಳೆಯಿರಿ. ಬಹಳಷ್ಟು ಜರ್ನಲ್‌ಗಳು ಪೇಪರ್ ಬಂದ ದಿನ, ಒಪ್ಪಿದ ದಿನ ಎರಡನ್ನೂ ಅಚ್ಚು ಹಾಕುತ್ತವೆ. ಹತ್ತು ಪೇಪರ್‌ಗಳ ಅಂತರ ಬರೆದುಕೊಳ್ಳಿ. ಹತ್ತಕ್ಕೆ ಹತ್ತೂ ಒಂದು ವಾರದೊಳಗೆ ಒಪ್ಪಿದ್ದರೆ ಅಲ್ಲಿ ಯಾರೂ ಓದಿಲ್ಲ.

ಯಾರು ಲೇಖಕರು ಎಂಬ ನಿಯಮ

ಇಲ್ಲಿ ಎರಡು ಪದ್ಧತಿಗಳನ್ನು ಜನ ಒಂದಕ್ಕೊಂದು ಬದಲಿ ಎಂದುಕೊಳ್ಳುತ್ತಾರೆ, ಹಾಗಲ್ಲ. ಐಸಿಎಂಜೆಇ ನಿಯಮ ಯಾರು ಒಳಗೆ ಬರಬಹುದು ಎನ್ನುತ್ತದೆ. ನಾಲ್ಕು ಷರತ್ತು, ನಾಲ್ಕೂ ಪೂರೈಸಬೇಕು: ಯೋಜನೆ, ದತ್ತಾಂಶ ಅಥವಾ ವಿಶ್ಲೇಷಣೆಯಲ್ಲಿ ಗಣನೀಯ ಪಾಲು; ಕರಡು ಬರೆಯುವುದು ಇಲ್ಲವೇ ವಿಮರ್ಶಾತ್ಮಕವಾಗಿ ತಿದ್ದುವುದು; ಅಂತಿಮ ಪ್ರತಿಗೆ ಒಪ್ಪಿಗೆ; ಇಡೀ ಕೆಲಸದ ಹೊಣೆ. ಕ್ರೆಡಿಟ್ ಎಂಬ ಇನ್ನೊಂದು ಪದ್ಧತಿ 14 ಪಾತ್ರಗಳ ಪಟ್ಟಿ. ಯಾರು ಏನು ಮಾಡಿದರು ಎಂದಷ್ಟೇ ಹೇಳುತ್ತದೆ, ಯಾರು ಲೇಖಕರು ಎಂದು ತೀರ್ಮಾನಿಸುವುದಿಲ್ಲ. ಎರಡನ್ನೂ ಕೇಳುವ ಜರ್ನಲ್ ಒಳ್ಳೆಯದು. ಎರಡನೆಯದನ್ನು ಬರೆಯಲು ಕೂತಾಗ ಕೆಲಸ ಮಾಡದಿದ್ದರೂ ಉಡುಗೊರೆಯಾಗಿ ಸೇರಿಸಿದ ಹೆಸರುಗಳ ಮುಂದೆ ತುಂಬಲು ಏನೂ ಇರುವುದಿಲ್ಲ.

ನಾಲ್ಕು ಷರತ್ತುಗಳನ್ನು ಕಿರಿಯರ ವಿರುದ್ಧ ಬಳಸುವುದು ಬಹಳ ನೋವಿನ ಸಂಗತಿ. ‘ದತ್ತಾಂಶ ಸಂಗ್ರಹಿಸಿದೆ ಸರಿ, ಆದರೆ ನೀನು ಕರಡು ತಿದ್ದಿಲ್ಲವಲ್ಲ’ ಎಂದು ಹೆಸರು ಬಿಡುತ್ತಾರೆ. ಆ ಶಿಫಾರಸಿನಲ್ಲೇ ಇದಕ್ಕೆ ತಡೆ ಇದೆ: ಮೊದಲ ಷರತ್ತು ಪೂರೈಸಿದವರಿಗೆ ಎರಡನೆಯದಕ್ಕೂ ಮೂರನೆಯದಕ್ಕೂ ಅವಕಾಶ ಕೊಡಲೇಬೇಕು. ಕಿರಿಯ ಸಂಶೋಧಕರು ಈ ಸಾಲನ್ನು ಕೈಯಲ್ಲಿ ಇಟ್ಟುಕೊಂಡಿರಲಿ.

ಎಐ ಸಾಧನಗಳ ವಿಷಯದಲ್ಲಿ ಜರ್ನಲ್‌ಗಳ ನಡುವೆ ವ್ಯತ್ಯಾಸ ಈಗ ಕಡಿಮೆ. ಹೊಣೆ ಹೊರಲಾಗದ್ದು ಲೇಖಕ ಆಗದು ಎಂದು ಕೋಪ್ 2023ರಲ್ಲಿ ಹೇಳಿತು, ಐಸಿಎಂಜೆಇ ಕೂಡ ಅದೇ ವರ್ಷ ಹಾಗೇ ಹೇಳಿತು. ಬಳಸಿದ್ದರೆ ಎಲ್ಲಿ, ಹೇಗೆ ಎಂದು ಬರೆಯಬೇಕು. ಹೋಲಿಸಬೇಕಾದದ್ದು ವಿಮರ್ಶಕರ ಮೇಲಿನ ನಿಯಮ: ನಿಮ್ಮ ಅಪ್ರಕಟಿತ ಪ್ರತಿಯನ್ನು ಅವರು ಇಂಥ ಸಾಧನಕ್ಕೆ ಹಾಕಬಾರದು ಎಂದು ಜರ್ನಲ್ ಸ್ಪಷ್ಟವಾಗಿ ಹೇಳಿದೆಯೇ?

ತಪ್ಪು ಹೊರಬಿದ್ದಾಗ

ಸಮಯ ಒಂದೇ ಗಂಟೆ ಇದ್ದರೆ ಅದನ್ನು ಇಲ್ಲಿ ಕಳೆಯಿರಿ.

ಪ್ರಕಟವಾದ ಪೇಪರ್‌ನಲ್ಲಿ ತಪ್ಪು ಕಂಡರೆ ಜರ್ನಲ್ ಮುಂದೆ ಮೂರು ಮುಖ್ಯ ದಾರಿಗಳಿವೆ. ತೀರ್ಮಾನ ಬದಲಾಗದ ತಪ್ಪಿಗೆ ತಿದ್ದುಪಡಿ. ಗಂಭೀರ ಅನುಮಾನವಿದ್ದು ತನಿಖೆ ಮುಗಿಯದಿದ್ದರೆ ಕಳವಳದ ಪ್ರಕಟಣೆ. ಫಲಿತಾಂಶವನ್ನು ನಂಬಲಾಗದಿದ್ದರೆ ಹಿಂಪಡೆಯುವಿಕೆ, ಎಲ್ಲರ ಬಾಯಲ್ಲಿರುವ ಮಾತಿನಲ್ಲಿ ರಿಟ್ರಾಕ್ಷನ್. ರಿಟ್ರಾಕ್ಷನ್ ಎಂದರೆ ಪೇಪರ್ ಮಾಯ ಮಾಡುವುದಲ್ಲ. ಮೂಲ ಪೇಪರ್ ಅಲ್ಲೇ ಉಳಿದು ಪ್ರತಿ ಪುಟದ ಮೇಲೆ ಗುರುತು ಬೀಳಬೇಕು, ಶೀರ್ಷಿಕೆಯ ಮುಂದೆಯೇ ‘ಹಿಂಪಡೆಯಲಾಗಿದೆ’ ಎಂದಿರಬೇಕು, ಸೂಚನೆ ಹಣ ಕೊಡದೆ ಓದಲು ಸಿಗಬೇಕು, ಯಾರು ಹಿಂಪಡೆದರು ಮತ್ತು ಯಾಕೆ ಎಂದು ಹೇಳಬೇಕು. ಕಾನೂನಿನ ಆದೇಶ, ರೋಗಿಯ ಖಾಸಗಿತನ, ಜನರ ಆರೋಗ್ಯಕ್ಕೆ ಅಪಾಯ ಇಂಥ ವಿರಳ ಸಂದರ್ಭದಲ್ಲಿ ಮಾತ್ರ ಪಠ್ಯವನ್ನೇ ತೆಗೆಯಬಹುದು. ಹೇಳದೆ ಕೇಳದೆ ಪುಟ ಅಳಿಸುವ ಜರ್ನಲ್ ನಿಮ್ಮ ಪೇಪರನ್ನೂ ಒಂದು ದಿನ ಹಾಗೇ ಅಳಿಸಬಹುದು.

ಪರೀಕ್ಷಿಸುವುದು ಹೀಗೆ. ರಿಟ್ರಾಕ್ಷನ್ ವಾಚ್ ದತ್ತಕೋಶ 2023ರಿಂದ, ಡಿಒಐ ನೋಂದಾಯಿಸುವ ಕ್ರಾಸ್‌ರೆಫ್ ಸಂಸ್ಥೆಯ ಮೂಲಕ, ಎಲ್ಲರಿಗೂ ಉಚಿತ. ನಿಮ್ಮ ಮುಂದಿರುವ ಜರ್ನಲ್‌ಗಳ ಹೆಸರು ಹಾಕಿ ಹುಡುಕಿ. ಜರ್ನಲ್‌ನ ಸ್ವಂತ ತಾಣದಲ್ಲೂ ತಿದ್ದುಪಡಿ, ಹಿಂಪಡೆತ ಎಂದು ಹುಡುಕಿ. ಸಿಕ್ಕ ಸೂಚನೆಗಳಲ್ಲಿ ಐದನ್ನಾದರೂ ಪೂರ್ತಿ ಓದಿ. ಕಾರಣ ಬರೆದಿದೆಯೇ? ಬರೀ ‘ಲೇಖಕರ ಕೋರಿಕೆಯ ಮೇರೆಗೆ’ ಎಂದು ಮುಗಿಸಿದೆಯೇ? ಪೇಪರ್ ಪ್ರಕಟವಾದ ದಿನಕ್ಕೂ ಸೂಚನೆಯ ದಿನಕ್ಕೂ ಎಷ್ಟು ಅಂತರ?

ಇಲ್ಲಿ ಹೆಚ್ಚಿನವರು ಎಡವುತ್ತಾರೆ. ಒಂದು ಜರ್ನಲ್‌ನಲ್ಲಿ ಹನ್ನೆರಡು ರಿಟ್ರಾಕ್ಷನ್ ಇದ್ದು ಇನ್ನೊಂದರಲ್ಲಿ ಒಂದೂ ಇಲ್ಲದಿದ್ದರೆ ಎರಡನೆಯದು ಶುದ್ಧ ಎಂದುಕೊಳ್ಳುತ್ತಾರೆ. 2016ರಲ್ಲಿ ಎಂಬಯೋ ಜರ್ನಲ್‌ನಲ್ಲಿ ಬಂದ ಒಂದು ಅಧ್ಯಯನ 40 ಜರ್ನಲ್‌ಗಳ 20,621 ಜೀವವೈದ್ಯಕೀಯ ಪೇಪರ್‌ಗಳ ಚಿತ್ರಗಳನ್ನು ಕಣ್ಣಿನಿಂದಲೇ ಪರಿಶೀಲಿಸಿ, ಶೇ. 3.8ರಲ್ಲಿ ಸಂಶಯಾಸ್ಪದ ಚಿತ್ರಗಳ ಪುನರಾವರ್ತನೆ ಕಂಡಿತು. ನೂರಕ್ಕೆ ಸುಮಾರು ನಾಲ್ಕು. ಅಂಥ ಕ್ಷೇತ್ರದಲ್ಲಿ ಸಾವಿರಾರು ಪೇಪರ್ ಅಚ್ಚು ಹಾಕಿ ಹದಿನೈದು ವರ್ಷದಲ್ಲಿ ಒಂದು ತಿದ್ದುಪಡಿಯೂ ಇಲ್ಲ ಎಂದರೆ ಅಲ್ಲಿ ತಪ್ಪಿಲ್ಲ ಎಂದಲ್ಲ, ಹುಡುಕುವವರಿಲ್ಲ ಎಂದು ಅರ್ಥ. ಕಾರಣ ಬರೆದು, ಬೇಗ, ಎಲ್ಲರಿಗೂ ಕಾಣುವಂತೆ ಹಿಂಪಡೆದ ಹನ್ನೆರಡು ಪೇಪರ್‌ಗಳ ಜರ್ನಲ್ಲೇ ನಮ್ಮ ಆಯ್ಕೆ. ಪ್ರಕಟಣೆಗೆ ಮೊದಲೇ ಚಿತ್ರ ಪರೀಕ್ಷಿಸುವವರಿದ್ದರೆ ಇನ್ನೂ ಒಳ್ಳೆಯದು. ಜರ್ನಲ್ ಆಫ್ ಸೆಲ್ ಬಯಾಲಜಿ 2002ರಿಂದಲೇ ಅದನ್ನು ಮಾಡುತ್ತಿದೆ.

ವೇಗ ಎಷ್ಟು ಮುಖ್ಯ ಎಂಬುದಕ್ಕೆ ಒಂದೇ ಜರ್ನಲ್‌ನ ಎರಡು ಪ್ರಸಂಗ ನೋಡಿ. ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಲಸಿಕೆಗೂ ಆಟಿಸಂಗೂ ನಂಟು ಸೂಚಿಸಿದ ಪೇಪರ್ ಲ್ಯಾನ್ಸೆಟ್‌ನಲ್ಲಿ 1998ರ ಫೆಬ್ರವರಿಯಲ್ಲಿ ಬಂತು. 2004ರಲ್ಲಿ ಸಹಲೇಖಕರಲ್ಲಿ ಹೆಚ್ಚಿನವರು ಆ ವ್ಯಾಖ್ಯಾನದಿಂದ ಹಿಂದೆ ಸರಿದರು. ಪೂರ್ತಿ ಹಿಂಪಡೆದದ್ದು 2010ರ ಫೆಬ್ರವರಿಯಲ್ಲಿ, ಹನ್ನೆರಡು ವರ್ಷದ ನಂತರ. ಅಷ್ಟರಲ್ಲಿ ಲಸಿಕೆಯ ಭಯ ಲೋಕವೆಲ್ಲ ಹರಡಿತ್ತು. ಅದೇ ಜರ್ನಲ್‌ನಲ್ಲಿ 2020ರ ಮೇ 22ರಂದು ಕೋವಿಡ್ ರೋಗಿಗಳಿಗೆ ಹೈಡ್ರಾಕ್ಸಿಕ್ಲೋರೊಕ್ವಿನ್ ಕೊಡುವ ಬಗ್ಗೆ ಒಂದು ಪೇಪರ್ ಬಂತು. ಸರ್ಜಿಸ್ಫಿಯರ್ ಎಂಬ ಕಂಪನಿಯ ದತ್ತಾಂಶ ಅದಕ್ಕೆ ಆಧಾರ. ಸ್ವತಂತ್ರ ಪರಿಶೀಲಕರು ಕೇಳಿದಾಗ ಕಂಪನಿ ಪೂರ್ತಿ ದತ್ತಾಂಶ ಕೊಡಲಿಲ್ಲ. ಜೂನ್ 4ಕ್ಕೆ ಪೇಪರ್ ಹಿಂಪಡೆಯಲಾಯಿತು, ಹದಿಮೂರು ದಿನದಲ್ಲಿ. ಎರಡನೆಯ ಸಲ ಬೇಗ ಇತ್ಯರ್ಥವಾದದ್ದು ‘ದತ್ತಾಂಶ ತೋರಿಸಿ’ ಎಂಬ ಒಂದೇ ಪ್ರಶ್ನೆಯಿಂದ. ಆದ್ದರಿಂದ ದತ್ತಾಂಶ ಲಭ್ಯತೆಯ ನಿಯಮವನ್ನೂ ಇಲ್ಲೇ ಹೋಲಿಸಿ: ‘ಕೇಳಿದರೆ ಕೊಡುತ್ತೇವೆ’ ಎಂಬ ಹೇಳಿಕೆಗೆ ತೃಪ್ತಿಪಡುವ ಜರ್ನಲ್‌ಗಿಂತ, ಕೋಶದಲ್ಲಿ ಹಾಕಿ ಡಿಒಐ ಕೊಡಿ ಎನ್ನುವ ಜರ್ನಲ್ ಮೇಲು. ಖಾಸಗಿತನದ ಕಾರಣಕ್ಕೆ ಮುಕ್ತವಾಗಿ ಹಾಕಲಾಗದ್ದನ್ನು ಯಾರ ಮೂಲಕ, ಯಾವ ಷರತ್ತಿನಲ್ಲಿ ನೋಡಬಹುದು ಎಂದು ಬರೆಸುವುದೂ ಒಳ್ಳೆಯ ಲಕ್ಷಣ.

ಕೃತಿಚೌರ್ಯ ತಪಾಸಣೆಯಲ್ಲಿ ‘ಶೇ. 15ಕ್ಕಿಂತ ಕಡಿಮೆ ಇದ್ದರೆ ಸಾಕು’ ಎಂದು ಒಂದು ಅಂಕಿ ಹೇಳಿ ಕೈತೊಳೆದುಕೊಳ್ಳುವ ಜರ್ನಲ್ ಬಗ್ಗೆ ಎಚ್ಚರ. ಐಥೆಂಟಿಕೇಟ್‌ನಂಥ ಸಾಧನ ಹೋಲಿಕೆಯನ್ನು ತೋರಿಸುತ್ತದೆ, ಕಳ್ಳತನವನ್ನಲ್ಲ. ವಿಧಾನ ವಿಭಾಗದ ರೂಢಿಯ ವಾಕ್ಯಗಳಿಂದ ಶೇ. 20 ಬಂದರೂ ದೋಷವಿಲ್ಲದಿರಬಹುದು, ಶೇ. 4 ಬಂದು ಅದಷ್ಟೂ ಒಂದೇ ಮೂಲದ ಚರ್ಚೆಯ ಭಾಗವಾಗಿದ್ದರೆ ಅದು ಕಳವು.

ಈಗಾಗಲೇ ಕಳಿಸಿಬಿಟ್ಟಿದ್ದರೆ

ಪೇಪರ್ ಕಳಿಸಿದ ಮೇಲೆ ಜರ್ನಲ್ ಸರಿಯಿಲ್ಲ ಎಂದು ತಿಳಿಯುವುದು ಸಾಮಾನ್ಯ. ಆಗ ಮೊದಲ ಕೆಲಸ, ಕಾಪಿರೈಟ್ ಪತ್ರಕ್ಕೆ ಸಹಿ ಹಾಕದಿರುವುದು, ಹಣ ಕಟ್ಟದಿರುವುದು. ಎಲ್ಲ ಸಹಲೇಖಕರನ್ನೂ ಸೇರಿಸಿಕೊಂಡು ‘ಪೇಪರನ್ನು ಹಿಂದಕ್ಕೆ ಪಡೆಯುತ್ತಿದ್ದೇವೆ, ಪ್ರಕಟಿಸಲು ನಮ್ಮ ಒಪ್ಪಿಗೆ ಇಲ್ಲ’ ಎಂದು ಇಮೇಲ್ ಬರೆಯಿರಿ, ಪೇಪರ್ ಸಂಖ್ಯೆ ನಮೂದಿಸಿ. ಹಿಂಪಡೆಯಲು ಶುಲ್ಕ ಕೇಳಿದರೆ ಕೊಡಬೇಡಿ. ಕೊಟ್ಟವರನ್ನು ಮತ್ತೆ ಕೇಳುತ್ತಾರೆ. ಉತ್ತರ ಬರದಿದ್ದರೆ ವಾರ ಬಿಟ್ಟು ಮತ್ತೆ ಬರೆಯಿರಿ, ಪ್ರತಿ ಪತ್ರವನ್ನೂ ಉಳಿಸಿಕೊಳ್ಳಿ, ನಿಮ್ಮ ಸಂಸ್ಥೆಯ ಗ್ರಂಥಪಾಲಕರಿಗೆ ಅಥವಾ ಸಂಶೋಧನಾ ಕಚೇರಿಗೆ ತಿಳಿಸಿ.

ಇಷ್ಟಾದರೂ ಅವರು ಪೇಪರ್ ಏರಿಸಿಬಿಡುವುದುಂಟು. ಆಗ ಅದನ್ನು ಇನ್ನೊಂದು ಜರ್ನಲ್‌ಗೆ ಸದ್ದಿಲ್ಲದೆ ಕಳಿಸಿದರೆ ಹೋಲಿಕೆ ತಪಾಸಣೆಯಲ್ಲಿ ನೂರಕ್ಕೆ ನೂರು ಸಿಕ್ಕಿಬೀಳುತ್ತದೆ, ಎರಡು ಕಡೆ ಪ್ರಕಟಿಸಿದ ದೋಷ ನಿಮ್ಮ ತಲೆಗೇ ಬರುತ್ತದೆ. ಕಳಿಸುವ ಮೊದಲೇ ಹೊಸ ಜರ್ನಲ್‌ನ ಸಂಪಾದಕರಿಗೆ ಬರೆಯಿರಿ: ಪೇಪರ್ ಕಳಿಸಿದ ದಿನ, ಹಿಂಪಡೆದ ಪತ್ರದ ದಿನ, ಹಣ ಮತ್ತು ಸಹಿ ಕೊಡದ ಸಂಗತಿ, ಈಗ ಅದು ಇರುವ ಪುಟದ ವಿಳಾಸ, ಪತ್ರಗಳ ಪ್ರತಿ. ಕೆಲವರು ಒಪ್ಪುತ್ತಾರೆ, ಕೆಲವರು ಒಪ್ಪುವುದಿಲ್ಲ. ಒಪ್ಪಿದರೆ ಅದೇ ವಿವರಗಳನ್ನು ಕವರ್ ಲೆಟರ್‌ನಲ್ಲೂ ಬರೆದು, ಆ ಇಮೇಲ್‌ನ ದಿನಾಂಕ ನಮೂದಿಸಿ ಪೇಪರ್ ಸಲ್ಲಿಸಿ.